ಹೊಸ್ತಿಲ ಮೇಲಿನ ಕವಿ: ಶಿಶುನಾಳ ಶರೀಫರು

ಹೊಸ್ತಿಲು ಮನೆಯ ಒಳಗೂ ಅಲ್ಲ, ಹೊರಗೂ ಅಲ್ಲ. ನಮ್ಮ ಬಮ್ಮಿಗಟ್ಟಿಯ ಕಡೆಗೆ ಹೆಣ್ಣುಮಕ್ಕಳು ಅದಕ್ಕೆ ಅರಿಷಿಣ ಕುಂಕುಮ ಏರಿಸಿ ಪೂಜಿಸುವರು. ಆದರೆ ಅದರ ಮೇಲೆ ಯಾರನ್ನೂ ಕೂಡ್ರಗೊಡುವದಿಲ್ಲ. ವಾನ್ ಗೆನೆಪ್ ಎಂಬ ಪಂಡಿತನು 1909 ರಲ್ಲಿ ಸಂಸ್ಕಾರಗಳ ಮೇಲೆ ಗ್ರಂಥ ಬರೆದು, ಅಗಲುವದು, ಹೊಸ್ತಿಲಲ್ಲಿರುವದು, ಮರಳಿ ಕೂಡುವದು ಎಂಬ ಮೂರು ಹಂತಗಳನ್ನು ತೋರಿಸಿದನು. ಮುಂದೆ ಸಾಹಿತ್ಯವಿಮರ್ಶಕರೂ ಈ ವಿಚಾರವನ್ನು ಬಳಸಿಕೊಂಡರು. ಅವನ ಮತದಲ್ಲಿ ಹೊಸ್ತಿಲು ದಾಟಿ ಹೋಗತಕ್ಕ ಸ್ಥಳ. ಅಲ್ಲಿಯೇ ನೆಲೆನಿಂತವರೊಬ್ಬರು ನಮ್ಮ ನೆರೆಯಲ್ಲಿಯೇ ಆಗಿಹೋದರು.

ಶರೀಫರು 1819 ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ ಜನಿಸಿದರು. ಹಿಂದಿನ ವರ್ಷವೇ ಪೇಶವೆಯರ ಆಳಿಕೆ ಮುಗಿದು ಈ ಸೀಮೆ ಕಂಪನಿಯ ಕೈಸೇರಿತ್ತು. ಅವರು ಕೆಲಕಾಲ ಶಾಲೆಯ ಮಾಸ್ತರರಾಗಿದ್ದರು. ಹೆಂಡತಿಯನ್ನು ಬೇಗನೆ ಕಳೆದುಕೊಂಡರು. ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರು ಅವರಿಗೆ ಗುರುಗಳಾದರು. ಮುಸಲ್ಮಾನ ಶಿಷ್ಯನನ್ನು ಬ್ರಾಹ್ಮಣ ಗುರು ಮನೆಯೊಳಗೆ ಕರೆದುಕೊಂಡದ್ದು ಆ ಕಾಲದಲ್ಲಿ ಸಣ್ಣ ಮಾತಲ್ಲ. ಊರವರು ಸಿಟ್ಟಾದರೆಂದೂ, ಗುರುಗಳು ತಮ್ಮ ಜನಿವಾರವನ್ನೇ ಶಿಷ್ಯನಿಗೆ ಹಾಕಿದರೆಂದೂ ಜನ ಹೇಳುವರು. ಆದರೂ ಶರೀಫರು ಹುಟ್ಟಿದ ಮತವನ್ನು ಬಿಡಲಿಲ್ಲ, ಮಸೀದಿಗೆ ಬೆನ್ನು ತಿರುಗಿಸಲಿಲ್ಲ. ಮೊಹರಮ್ಮಿನ ಪದಗಳನ್ನೂ ಕಟ್ಟಿದರು.

ಅವರ ತತ್ವಪದಗಳಲ್ಲಿಯೂ ಇದೇ ನಿಲುವು ಕಾಣುವದು. ಸೋರುವ ಮಾಳಿಗೆ ಮನೆಯೂ ಹೌದು, ದೇಹವೂ ಹೌದು. ಅರಳಿ ಹಿಂಜುವ ಗಿರಣಿ ಹೊಸ ಯಂತ್ರವೂ ಹೌದು, ಈ ಶರೀರವೂ ಹೌದು. ಒಂದರ್ಥವನ್ನು ಕಳೆದು ಇನ್ನೊಂದನ್ನು ಉಳಿಸಿಕೊಂಡರೆ ಪದವು ಸಪ್ಪಗಾಗುವದು. ಅಂಕಿತದಲ್ಲಿ ಊರದೇವರ ಹೆಸರಿರುವದು, ಗುರುವಿನ ಸ್ಮರಣೆ ನಡುನಡುವೆ ಬರುವದು. ಈ ಎರಡು ಬಗೆಯ ಅರ್ಥವನ್ನು ನಾನು ತರಗತಿಯಲ್ಲಿ ಕಲಿತೆನು. ಓದುಬರಹ ಬಾರದ ನಮ್ಮ ಹಿರಿಯರು ಭಜನೆಯಲ್ಲಿ ಕೂತು ಎಂದೋ ತಿಳಿದುಕೊಂಡಿದ್ದರು. ಪದಗಳು ಬಹುಕಾಲ ಉಳಿದದ್ದೂ ಅಂಥವರ ಬಾಯಲ್ಲಿಯೇ.

1889 ರಲ್ಲಿ ಶರೀಫರು ತೀರಿಕೊಂಡಾಗ ಎರಡೂ ಮತದವರು ಕೂಡಿ ತಮ್ಮ ತಮ್ಮ ವಿಧಿಗಳನ್ನು ನಡೆಸಿದರೆಂದು ಪ್ರತೀತಿ. ಶಿಶುನಾಳದ ಗದ್ದುಗೆಗೆ ಇಂದಿಗೂ ಉಭಯರೂ ನಡೆದುಕೊಳ್ಳುವರು.

ನೀನು ಯಾವ ಕಡೆಯವನೆಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಹೊಸ್ತಿಲಲ್ಲಿ ನಿಂತವನು ಮನೆಯಿಲ್ಲದವನೆಂದು ನಾವು ಮರುಗಬೇಕಾಗಿಲ್ಲ. ಒಳಮನೆಯವರಿಗೂ ಬೀದಿಯವರಿಗೂ ಒಮ್ಮೆಲೇ ಕೇಳಿಸುವಂತೆ ಹಾಡಲು ಅದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ.