ಜಾನ್ ಬ್ಯಾಕಸ್ ಮತ್ತು ಕೋಷ್ಟಕದ ವಿಳಾಸ

ಕೆಲಮಂಗಲದ ನಮ್ಮ ಶಾಲೆಯಲ್ಲಿ ಓದಿ ಗಣಕಯಂತ್ರದ ಉದ್ಯೋಗಕ್ಕೆ ತೆರಳಿದವರಿಗಾಗಿ ಜಾನ್ ಬ್ಯಾಕಸ್ ಮಹಾಶಯರನ್ನು ನಾನು ಇಲ್ಲಿ ಸ್ಮರಿಸುತ್ತೇನೆ. 1924ರಲ್ಲಿ ಅಮೆರಿಕದಲ್ಲಿ ಜನಿಸಿದ ಇವರನ್ನು ಹಾಜರಿ ಸಾಲದೆಂದು ವಿಶ್ವವಿದ್ಯಾಲಯವು ಹೊರಹಾಕಿತ್ತು. ಉಪಾಧ್ಯಾಯ ಬಂಧುಗಳು ಗಮನಿಸಬೇಕು. ಇವರ ನೇತೃತ್ವದ ತಂಡವು 1957ರಲ್ಲಿ ಐ.ಬಿ.ಎಂ. ಸಂಸ್ಥೆಯಲ್ಲಿ ಫೋರ್ಟ್ರಾನ್ ಭಾಷೆಯನ್ನೂ ಅದನ್ನು ಯಂತ್ರಭಾಷೆಗಿಳಿಸುವ ಕಂಪೈಲರನ್ನೂ ಹೊರತಂದಿತು. ಅಂಕಿಗಳ ಕೋಷ್ಟಕವನ್ನು ಫೋರ್ಟ್ರಾನ್ ಕಂಬಸಾಲಿನ ಕ್ರಮದಲ್ಲಿ ಜೋಡಿಸುತ್ತದೆ. ಡೆನಿಸ್ ರಿಚಿಯವರ ಸಿ ಭಾಷೆಯದು ಅಡ್ಡಸಾಲಿನ ಕ್ರಮ. ಒಂದರಿಂದ ಇನ್ನೊಂದಕ್ಕೆ ಮೊದಲ ಅಂಕಿಯ ವಿಳಾಸವಷ್ಟೇ ಹೋದರೆ, ಹಾಜರಿಪುಸ್ತಕವನ್ನು ಮೇಲಿಂದ ಕೆಳಗೆ ಓದಿ ಒಬ್ಬನ ಹಾಜರಿಯನ್ನು ಇನ್ನೊಬ್ಬನಿಗೆ ಬರೆದಂತಾಗುತ್ತದೆ, ಯಂತ್ರ ಎಚ್ಚರಿಸದು. ಆದಕಾರಣ ವಿಳಾಸದೊಡನೆ ಸಾಲುಗಳ ಅಳತೆ, ಅಂತರಗಳ ವಿವರವನ್ನೂ ಕಳುಹಿಸುವ ಏರ್ಪಾಡಾಯಿತು. ಅದರ ರೂಪವನ್ನು 2018ರ ಫೋರ್ಟ್ರಾನ್ ಮಾನಕವು ನಿಗದಿಗೊಳಿಸುವ ವೇಳೆಗೆ, 1977ರ ಟ್ಯೂರಿಂಗ್ ಪ್ರಶಸ್ತಿ ಪಡೆದಿದ್ದ ಬ್ಯಾಕಸ್ ತೀರಿಕೊಂಡು 11 ವರ್ಷಗಳಾಗಿದ್ದವು.