ತಾಯ್ನುಡಿಯ ಪರ ವಾದಿಸಿದ ನವಾಯಿ

ಉಜ್ಬೆಕ್ ಭಾಷೆಯ ಆದಿಕವಿಯಂತೆ ಗೌರವಿಸಲ್ಪಡುವ ಅಲಿಶೇರ್ ನವಾಯಿ ಹುಟ್ಟಿದ್ದು 1441ರಲ್ಲಿ, ಇಂದಿನ ಅಫ್ಘಾನಿಸ್ತಾನದ ಹೆರಾತ್ ನಗರದಲ್ಲಿ. ದೆಹಲಿಯಲ್ಲಿ ಮಕ್ಕಳ ಬಾಯಲ್ಲಿ ಕನ್ನಡ ಉಳಿಸಲು ಒದ್ದಾಡುವ ನನಗೆ ಈತನ ಕಥೆ ಬಹಳ ಹತ್ತಿರದ್ದೆನಿಸಿತು.

ಅಲ್ಲಿ ತೈಮೂರನ ವಂಶಸ್ಥರ ಆಳ್ವಿಕೆ. ಅವರ ಮನೆಮಾತು ತುರ್ಕಿ. ಆದರೆ ಕವಿ ಎನಿಸಿಕೊಳ್ಳಬೇಕಾದರೆ ಪಾರ್ಸಿಯಲ್ಲಿ ಬರೆಯಬೇಕು! ನವಾಯಿಗೆ ಪಾರ್ಸಿ ಬಾರದೇ ಇರಲಿಲ್ಲ. ಫಾನಿ ಎಂಬ ಕಾವ್ಯನಾಮದಲ್ಲಿ ಅದರಲ್ಲೂ ಬರೆದ. ಬಾಲ್ಯದ ಗೆಳೆಯ ಹುಸೇನ್ ಬೈಕರಾ 1469ರಲ್ಲಿ ಹೆರಾತಿನ ಸುಲ್ತಾನನಾದಾಗ ಆಸ್ಥಾನದಲ್ಲಿ ದೊಡ್ಡ ಪದವಿಯೂ ಸಿಕ್ಕಿತು. ಮದುವೆಯಾಗಲಿಲ್ಲ. ಕೈಯಲ್ಲಿದ್ದ ಹಣವನ್ನು ಮದರಸಾ, ಆಸ್ಪತ್ರೆ, ಛತ್ರಗಳಿಗೆ ಸುರಿದ. 1483ರಿಂದ 1485ರೊಳಗೆ ಐದು ದೀರ್ಘಕಾವ್ಯಗಳನ್ನು ತುರ್ಕಿಯಲ್ಲಿ ಬರೆದು ಮುಗಿಸಿದ. ಲೈಲಾ ಮಜ್ನೂ ಕಥೆಯೂ ಅದರಲ್ಲಿದೆ. ಇದಕ್ಕೆ ಬೆನ್ನುತಟ್ಟಿದವನು ಪಾರ್ಸಿಯ ಮಹಾಕವಿ ಜಾಮಿ ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ.

ಸಾಯುವುದಕ್ಕೆ ಸುಮಾರು ಒಂದು ವರ್ಷ ಮೊದಲು, 1499ರಲ್ಲಿ, ತುರ್ಕಿ ಮತ್ತು ಪಾರ್ಸಿಯನ್ನು ಎದುರುಬದುರು ನಿಲ್ಲಿಸಿ ಪುಟ್ಟ ಪುಸ್ತಕವೊಂದನ್ನು ಬರೆದ. ಅಳುವುದರಲ್ಲೇ ಎಷ್ಟು ಬಗೆ, ಒಂದೊಂದಕ್ಕೂ ತುರ್ಕಿಯಲ್ಲಿ ಬೇರೆ ಬೇರೆ ಕ್ರಿಯಾಪದವಿದೆ ಎಂದು ತೋರಿಸಿದ. ಪಾರ್ಸಿಯಲ್ಲಿ ಅಣ್ಣನಿಗೂ ತಮ್ಮನಿಗೂ ಒಂದೇ ಪದ, ನಮ್ಮಲ್ಲಿ ಬೇರೆ ಬೇರೆ ಎಂದು ವಾದಿಸಿದ. ಇದನ್ನು ಓದಿ ನನಗೆ ನಗು ಬಂತು. ನಾವೂ ಇಂಗ್ಲಿಷಿನ ಬ್ರದರ್, ಸಿಸ್ಟರ್ ಮುಂದೆ ನಮ್ಮ ಅಣ್ಣ, ತಮ್ಮ, ಅಕ್ಕ, ತಂಗಿಯರನ್ನು ಹೀಗೇ ತಂದು ನಿಲ್ಲಿಸುತ್ತೇವಲ್ಲ! ಪಾರ್ಸಿ ಅಭಿಮಾನಿಗಳಿಗೆ ಅವನ ವಾದ ಸ್ವಲ್ಪ ಅತಿಯೆನಿಸೀತು. ಆದರೆ ಅವನ ಕೋಪ ಪಾರ್ಸಿಯ ಮೇಲಲ್ಲ, ಸ್ವಂತ ನುಡಿ ಬಿಟ್ಟು ಬರೆಯುತ್ತಿದ್ದ ತುರ್ಕಿ ಯುವಕರ ಮೇಲೆ.

1501ರ ಜನವರಿಯಲ್ಲಿ ನವಾಯಿ ಹೆರಾತಿನಲ್ಲೇ ತೀರಿಕೊಂಡ. ಮುಂದೆ ನಮ್ಮ ದೆಹಲಿಯನ್ನು ಗೆದ್ದ ಬಾಬರ್ ತನ್ನ ಆತ್ಮಕಥೆಯನ್ನು ಬರೆದದ್ದು ಇದೇ ತುರ್ಕಿಯಲ್ಲಿ. ಅದರಲ್ಲಿ ನವಾಯಿಯನ್ನು ಮನಸಾರೆ ಹೊಗಳಿದ್ದಾನೆ.

ಆ ಸಾಹಿತ್ಯ ಭಾಷೆಗೆ ಚಗತಾಯಿ ಎಂಬ ಹೆಸರೂ ಉಂಟು. ಅದರ ವಾರಸುದಾರ ಉಜ್ಬೆಕ್ ಭಾಷೆಗೆ ಇಂದು ಮೂರು ಕೋಟಿಗೂ ಹೆಚ್ಚು ಮಾತುಗಾರರು. ಸೋವಿಯತ್ ಕಾಲದಲ್ಲಿ ಅರಬ್ಬಿ ಲಿಪಿ ಹೋಗಿ ಲ್ಯಾಟಿನ್ ಬಂತು, 1940ರಲ್ಲಿ ಸಿರಿಲಿಕ್ ಬಂತು. 1989ರಲ್ಲಿ ಉಜ್ಬೆಕ್ ಅಲ್ಲಿನ ರಾಜ್ಯಭಾಷೆಯಾಯಿತು, 1993ರಲ್ಲಿ ಮತ್ತೆ ಲ್ಯಾಟಿನ್ ಲಿಪಿಯ ಕಾನೂನು. ಹಾಗಾಗಿ ತಾಷ್ಕೆಂಟಿನಲ್ಲಿ ಅಜ್ಜಿ ಸಿರಿಲಿಕ್ಕಿನಲ್ಲಿ ಓದಿದ ನವಾಯಿಯನ್ನು ಮೊಮ್ಮಗಳು ಲ್ಯಾಟಿನ್ನಿನಲ್ಲಿ ಓದುತ್ತಾಳೆ. ಅವನು ಬರೆದ ಅರಬ್ಬಿ ಲಿಪಿಯನ್ನು ಅವರಿಬ್ಬರೂ ಬೇರೆಯಾಗಿ ಕಲಿಯಬೇಕು. ಗಡಿಯಾಚೆ ಅಫ್ಘಾನಿಸ್ತಾನದ ಉಜ್ಬೆಕರು ಮಾತ್ರ ಈಗಲೂ ಅದರಲ್ಲೇ ಬರೆಯುತ್ತಾರೆ.