ಬಟಾಣಿ ಎಣಿಸಿದ ಬದಲಿ ಮೇಷ್ಟ್ರು

ಹತ್ತನೇ ತರಗತಿಯ ಅನುವಂಶೀಯತೆ ಪಾಠದಲ್ಲಿ ಗ್ರೆಗರ್ ಮೆಂಡೆಲ್ ಅವರಿಗೆ ಸಿಕ್ಕಿರುವುದು ಒಂದು ಪುಟ್ಟ ಚೌಕಟ್ಟು. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ ಎಂಬ ಮಾತು ಅದರಲ್ಲಿ ಬಂದು ಹೋಗುತ್ತದೆ. ಬಾಬುರಾಯನಕೊಪ್ಪಲಿನ ಬೋಧನಾಭ್ಯಾಸಕ್ಕೆಂದು ಪಾಠ ಯೋಜನೆ ಬರೆಯುವಾಗ ನನ್ನ ಪೆನ್ನು ನಿಂತದ್ದು ಅಲ್ಲೇ. ಬಿ.ಎಡ್. ಓದುತ್ತ ಟಿಇಟಿಗೂ ತಯಾರಾಗುತ್ತಿರುವ ನಮ್ಮಂಥವರು ಆ ಮಾತನ್ನು ಸುಮ್ಮನೆ ದಾಟಿ ಹೋಗುವುದು ಕಷ್ಟ. ಹಾಗಾಗಿ ಮೂರಕ್ಕೆ ಒಂದು ಎಂಬ ಅನುಪಾತವನ್ನು ಕಪ್ಪುಹಲಗೆಯ ಮೇಲೆ ಬರೆಯುವ ಮೊದಲು ಒಂದು ಪೂರ್ತಿ ಅವಧಿಯನ್ನು ಅವರ ಬದುಕಿಗೆ ಕೊಟ್ಟೆ. ಇಲ್ಲಿ ಬರೆಯುತ್ತಿರುವುದೂ ಅದನ್ನೇ, ತರಗತಿಯಲ್ಲಿ ಹೇಳಿದ್ದಕ್ಕಿಂತ ತುಸು ವಿವರವಾಗಿ.

ಮೆಂಡೆಲ್ ಹುಟ್ಟಿದ್ದು 1822ರ ಜುಲೈನಲ್ಲಿ, ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ ಹೈನ್ಸೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ. ಈಗ ಅದು ಚೆಕ್ ಗಣರಾಜ್ಯದಲ್ಲಿದೆ. ಮನೆಯಲ್ಲಿಟ್ಟ ಹೆಸರು ಯೋಹಾನ್. ತಂದೆ ಆಂಟನ್ ರೈತ. ತನ್ನದೇ ಹೊಲವಿದ್ದರೂ ವಾರಕ್ಕೆ ಮೂರು ದಿನ ಜಮೀನ್ದಾರನಿಗೆ ಬಿಟ್ಟಿ ದುಡಿಯಬೇಕಿತ್ತು. ಹುಡುಗ ಓದಿನಲ್ಲಿ ಚುರುಕು ಎಂದು ದೂರದ ಶಾಲೆಗೆ ಕಳಿಸಿದರು. ಆದರೆ ಅಲ್ಲಿ ಊಟಕ್ಕೆ ಅರ್ಧ ಹಣ ಕಟ್ಟಲಷ್ಟೇ ಅವರಿಗೆ ಸಾಧ್ಯವಾಯಿತು. 1838ರಲ್ಲಿ ಮರ ಬಿದ್ದು ತಂದೆಗೆ ಪೆಟ್ಟಾಯಿತು, ಮನೆಯ ಆಧಾರವೇ ಕುಸಿಯಿತು. ಆಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಇಟ್ಟಿದ್ದ ಪಾಲಿನಲ್ಲಿ ಒಂದಷ್ಟನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಇದನ್ನು ಹೇಳಿದಾಗ ನಮ್ಮ ಹೆಣ್ಣುಮಕ್ಕಳು, ಆ ತಂಗಿಗೆ ಆಮೇಲೆ ಏನಾಯಿತು ಮಿಸ್ ಎಂದು ಕೇಳಿದರು. ಅಣ್ಣ ಮರೆಯಲಿಲ್ಲ. ಮುಂದೆ ಅವಳ ಮೂವರು ಗಂಡುಮಕ್ಕಳ ಓದಿಗೆ ಮೆಂಡೆಲ್ ನೆರವಾದರು. ಅವರಲ್ಲಿ ಇಬ್ಬರು ವೈದ್ಯರಾದರು.

ಹಣದ ಚಿಂತೆ ತಪ್ಪಿದ್ದು 1843ರಲ್ಲಿ, ಬ್ರುನೋ ನಗರದ ಸಂತ ಥಾಮಸ್ ಮಠಕ್ಕೆ ಸೇರಿದಾಗ. ಗ್ರೆಗರ್ ಎಂಬ ಹೆಸರು ಬಂದದ್ದೂ ಅಲ್ಲೇ. ಮಠದ ಗುರು ನಾಪ್ ಅವರಿಗೆ ಸಸ್ಯ ಮತ್ತು ಕುರಿಗಳ ತಳಿ ಸುಧಾರಣೆಯಲ್ಲಿ ಆಸಕ್ತಿಯಿತ್ತು. ರೋಗಿಗಳ ಬಳಿ ಹೋಗಿ ಸಾಂತ್ವನ ಹೇಳುವ ಕೆಲಸ ಕೊಟ್ಟರೆ ಮೆಂಡೆಲ್ ತಾವೇ ಕಾಯಿಲೆ ಬೀಳುತ್ತಿದ್ದರು. ಅದಕ್ಕಾಗಿ 1849ರಲ್ಲಿ ಅವರನ್ನು ಜ್ನೈಮ್ ಎಂಬ ಊರಿನ ಶಾಲೆಗೆ ಬದಲಿ ಶಿಕ್ಷಕರಾಗಿ ಕಳಿಸಿದರು. ಪಾಠ ಚೆನ್ನಾಗಿ ನಡೆಯಿತು. ಆದರೆ 1850ರಲ್ಲಿ ಅರ್ಹತಾ ಪರೀಕ್ಷೆ ಬರೆದಾಗ ಫೇಲಾದರು. ನಾಪ್ ಅವರು ಬೇಸರಿಸದೆ ಅವರನ್ನು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅಲ್ಲಿ 1851ರಿಂದ 1853ರವರೆಗೆ ಡಾಪ್ಲರ್ ಅವರಲ್ಲಿ ಭೌತಶಾಸ್ತ್ರ, ಉಂಗರ್ ಅವರಲ್ಲಿ ಸಸ್ಯಶಾಸ್ತ್ರ ಕಲಿತರು. 1856ರಲ್ಲಿ ಮತ್ತೆ ಪರೀಕ್ಷೆಗೆ ಕುಳಿತು, ಆರೋಗ್ಯ ಕೆಟ್ಟು ಬರಿಗೈಯಲ್ಲಿ ವಾಪಸಾದರು. ಮೂರನೇ ಸಲ ಪ್ರಯತ್ನಿಸಲಿಲ್ಲ. ಬ್ರುನೋದ ಶಾಲೆಯಲ್ಲಿ 1854ರಿಂದ 1868ರವರೆಗೆ ಹದಿನಾಲ್ಕು ವರ್ಷ ಪಾಠ ಮಾಡಿದ್ದು ಬದಲಿ ಶಿಕ್ಷಕರಾಗಿಯೇ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅತಿಥಿ ಶಿಕ್ಷಕರು. ಮಕ್ಕಳಿಗೆ ಅವರೆಂದರೆ ಪ್ರೀತಿ. ಮಠದ ತೋಟ ತೋರಿಸಲು ಕರೆದುಕೊಂಡು ಹೋಗುತ್ತಿದ್ದರಂತೆ.

ಆ ತೋಟದ ಅಳತೆ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲ. ಎರಡೂವರೆ ಗುಂಟೆಯೂ ಆಗುವುದಿಲ್ಲ. ಪರೀಕ್ಷೆ ಕೈಕೊಟ್ಟ 1856ರಲ್ಲೇ ಅಲ್ಲಿ ಬಟಾಣಿಯ ಪ್ರಯೋಗ ಶುರುವಾಯಿತು. ಅದಕ್ಕೂ ಮೊದಲು 34 ಬಗೆಯ ಬಟಾಣಿ ಬೀಜ ತರಿಸಿ, ಎರಡು ವರ್ಷ ಬೆಳೆದು ನೋಡಿ, ಗುಣ ಕೆಡದೆ ಬರುವ 22 ಬಗೆಗಳನ್ನು ಆರಿಸಿಕೊಂಡಿದ್ದರು. ಈ ಎರಡು ವರ್ಷ ನಮ್ಮ ಪಠ್ಯದಲ್ಲಿ ಕಾಣುವುದಿಲ್ಲ. ನನಗಂತೂ ಇಡೀ ಕೆಲಸದ ಬುನಾದಿ ಇದೇ ಎನಿಸುತ್ತದೆ. ಹೂವು ಅರಳುವ ಮೊದಲೇ ಮೊಗ್ಗು ಬಿಡಿಸಿ ಕೇಸರಗಳನ್ನು ಚಿಮಟದಿಂದ ತೆಗೆದು, ಇನ್ನೊಂದು ಗಿಡದ ಪರಾಗವನ್ನು ಶಲಾಕಾಗ್ರಕ್ಕೆ ಹಚ್ಚುತ್ತಿದ್ದರು. ಕೀಟಗಳು ಬೇರೆ ಪರಾಗ ತಂದು ಲೆಕ್ಕ ಕೆಡಿಸಿದರೆ? ಅದಕ್ಕೂ ಉಪಾಯವಿತ್ತು. ಕೆಲವು ಗಿಡಗಳನ್ನು ಕುಂಡದಲ್ಲಿ ಬೆಳೆಸಿ, ಹೂ ಬಿಡುವ ಕಾಲದಲ್ಲಿ ಮಠದ ಗಾಜಿನ ಮನೆಯೊಳಗೆ ಇಡುತ್ತಿದ್ದರು. ಬಯಲಿನ ಗಿಡಗಳ ಫಲಿತಾಂಶವನ್ನು ಒಳಗಿನವುಗಳ ಜೊತೆ ಹೋಲಿಸಿ ನೋಡಲು ಇದು ದಾರಿಯಾಯಿತು. ನಿಯಂತ್ರಿತ ಪ್ರಯೋಗ ಎಂದರೇನು ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ.

ಆಮೇಲೆ ಎಣಿಕೆ. ಗುಂಡು ಬೀಜ ಮತ್ತು ಸುಕ್ಕು ಬೀಜದ ಬಟಾಣಿಗಳ ಸಂಕರಣದಲ್ಲಿ ಮೊದಲ ಪೀಳಿಗೆಯದೆಲ್ಲ ಗುಂಡೇ. ಅದನ್ನು ತನ್ನಷ್ಟಕ್ಕೆ ಬೀಜ ಕಟ್ಟಲು ಬಿಟ್ಟಾಗ ಸಿಕ್ಕ 7324 ಬೀಜಗಳಲ್ಲಿ 5474 ಗುಂಡು, 1850 ಸುಕ್ಕು. ಮಾಯವಾದದ್ದು ಮರಳಿ ಬಂದಿತ್ತು! ಏಳು ಗುಣಗಳನ್ನು ಹೀಗೆ ನೋಡುತ್ತ 1863ರವರೆಗೆ ಸುಮಾರು 28,000 ಗಿಡಗಳನ್ನು ಪರಿಶೀಲಿಸಿದರು. ಬೆರೆತ ಗುಣಗಳು ಹಾಲು ನೀರಿನಂತೆ ಒಂದಾಗುವುದಿಲ್ಲ, ಜೋಡಿಯಾಗಿ ಉಳಿದು ಮುಂದಿನ ಪೀಳಿಗೆಗೆ ಬಿಡಿಬಿಡಿಯಾಗಿ ಹೋಗುತ್ತವೆ ಎಂಬುದು ಆ ಎಣಿಕೆಯಿಂದ ಹೊರಬಿತ್ತು.

ಇಲ್ಲಿಗೆ ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವರ ಮನೆಯಲ್ಲಿ ಪಾಲಿಹೌಸ್ ಇದೆ, ದಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ. ಬೀಜವನ್ನು ತೂಗಿ ಅಲ್ಲ, ಎಣಿಸಿ ಮಾರುತ್ತಾರೆ, ಅಷ್ಟು ದುಬಾರಿ. ಒಂದು ವರ್ಷ ಅವಳ ಅಪ್ಪ ಒಳ್ಳೆಯ ಹಣ್ಣಿನಿಂದ ಬೀಜ ಎತ್ತಿಟ್ಟು ಬಿತ್ತಿದರೆ ಒಂದೊಂದು ಗಿಡ ಒಂದೊಂದು ಥರ ಬಂತಂತೆ. ಕಂಪನಿಯವರು ಬೀಜಕ್ಕೆ ಏನಾದರೂ ಮಾಡಿರುತ್ತಾರಾ ಎಂಬುದು ಅವಳ ಸಂಶಯ. ಉತ್ತರ ಮೆಂಡೆಲ್ ಅವರ ಲೆಕ್ಕದಲ್ಲೇ ಇತ್ತು. ಹೈಬ್ರಿಡ್ ಬೀಜ ಎಂದರೆ ಸಂಕರಣದ ಮೊದಲ ಪೀಳಿಗೆ, ಅದಕ್ಕೇ ಎಲ್ಲ ಗಿಡವೂ ಒಂದೇ ಹದ. ಎತ್ತಿಟ್ಟದ್ದು ಎರಡನೇ ಪೀಳಿಗೆ. ಒಂದು ಗುಣವಾದರೆ ಒಳಗಿನ ಜೋಡಿ ತಾಯಿಗಿಡದಂತೆಯೇ ಇರುವ ಸಸಿಗಳು ಅರ್ಧ. ಎರಡು ಗುಣಕ್ಕೆ ನಾಲ್ಕರಲ್ಲಿ ಒಂದು. ಏಳು ಗುಣಕ್ಕೆ 128ರಲ್ಲಿ ಒಂದೇ. ಹಲಗೆಯ ಮೇಲೆ ಈ ಭಾಗಾಕಾರವನ್ನು ಮಾಡಿ ಮುಗಿಸಿದವಳು ಅವಳೇ. ಹಾಗೆಂದು ಬೀಜದ ಬೆಲೆಯ ಬಗ್ಗೆ ಅವಳ ಅಪ್ಪನ ಸಿಟ್ಟು ತಪ್ಪೆಂದು ನಾನು ಹೇಳಲಿಲ್ಲ. ಅದು ಬೇರೆಯೇ ಲೆಕ್ಕ.

ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ 1973ರಲ್ಲಿ ‘ಕರ್ನಾಟಕ’ ಎಂಬ ಹೈಬ್ರಿಡ್ ಟೊಮೆಟೊ, ‘ಭಾರತ್’ ಎಂಬ ದಪ್ಪ ಮೆಣಸಿನಕಾಯಿ ತಂದಿತು. ಇಂದು ರಾಣೆಬೆನ್ನೂರಿನ ಸುತ್ತಮುತ್ತ ಬೀಜೋತ್ಪಾದನೆ ಮಾಡುವ ಹೊಲಗಳಲ್ಲಿ ಹೆಣ್ಣುಮಕ್ಕಳು ಮೊಗ್ಗು ಬಿಡಿಸಿ, ಕೇಸರ ಕಿತ್ತು, ಪರಾಗ ಮುಟ್ಟಿಸುತ್ತಾರೆ. ಮೆಂಡೆಲ್ ಮಾಡಿದ್ದೂ ಅದೇ ಕೈಕೆಲಸ.

ಹೂವಿನ ವಿಷಯದಲ್ಲಿ ಅವರಿಗೆ ಗಂಟು ಎದುರಾಯಿತು. ಬಿಳಿ ಮತ್ತು ಕೆಂಪು ಹೂವಿನ ಹುರುಳಿಕಾಯಿ ಜಾತಿಗಳನ್ನು ಸೇರಿಸಿದಾಗ ಮೊಮ್ಮಕ್ಕಳಲ್ಲಿ ನೇರಳೆಯಿಂದ ಬಿಳಿಯವರೆಗೆ ಹಲವು ಛಾಯೆ ಬಂದವು. ಬಣ್ಣಕ್ಕೆ ಒಂದಲ್ಲ, ಎರಡೋ ಹೆಚ್ಚೋ ಅಂಶಗಳು ಕಾರಣವಿರಬಹುದು ಎಂದು ಊಹಿಸಿದರು. ನಮ್ಮ ಅಂಗಳದ ಸಂಜೆ ಮಲ್ಲಿಗೆಯ ಮೇಲೂ ಅವರು ಪ್ರಯೋಗ ಮಾಡಿದ್ದರು. ಒಂದೇ ಒಂದು ಪರಾಗ ಕಣದಿಂದ ಬೀಜ ಕಟ್ಟುತ್ತದೆ ಎಂದು ತೋರಿಸಿದರು.

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರುನೋದ ವಿಜ್ಞಾನ ಸಂಘದಲ್ಲಿ ಬಟಾಣಿಯ ಫಲಿತಾಂಶ ಓದಿದರು, ಮರುವರ್ಷ ಅಚ್ಚಾಯಿತು. ಯಾರೂ ಗಮನ ಕೊಡಲಿಲ್ಲ. ಮ್ಯೂನಿಕ್‌ನ ದೊಡ್ಡ ಸಸ್ಯಶಾಸ್ತ್ರಜ್ಞ ನೇಗೆಲಿ ಅವರಿಗೆ ಬರೆದರೆ, ಅವರ ಒಲವೆಲ್ಲ ಹಾಕ್‌ವೀಡ್ ಎಂಬ ಹಳದಿ ಹೂವಿನ ಗಿಡದ ಕಡೆ. ಮೆಂಡೆಲ್ ಅದರ ಸಣ್ಣ ಸಣ್ಣ ಹೂಗಳ ಮೇಲೆ ಕಣ್ಣು ನೋಯುವವರೆಗೆ ದುಡಿದರೂ ಬಟಾಣಿಯ ನಿಯಮ ಅಲ್ಲಿ ಸಿಗಲಿಲ್ಲ. ಆ ಗಿಡ ಬಹುಮಟ್ಟಿಗೆ ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

1868ರಲ್ಲಿ ಮಠಾಧಿಪತಿಯಾದ ಮೇಲೆ ಪಾಠವೂ ನಿಂತಿತು, ಪ್ರಯೋಗವೂ ಕ್ರಮೇಣ ನಿಂತಿತು. ಮಠದ ಮೇಲೆ ಹಾಕಿದ ತೆರಿಗೆಯ ವಿರುದ್ಧ ಸರ್ಕಾರದೊಡನೆ ಗುದ್ದಾಡುವುದರಲ್ಲಿ ಕೊನೆಯ ವರ್ಷಗಳು ಕಳೆದವು. 1884ರ ಜನವರಿ 6ರಂದು ತೀರಿಕೊಂಡರು. ಅವರ ಕಾಗದಪತ್ರಗಳಲ್ಲಿ ಹೆಚ್ಚಿನವು ಬೆಂಕಿಗೆ ಹೋದವು. 1900ರಲ್ಲಿ ಡಿ ವ್ರೀಸ್, ಕೊರೆನ್ಸ್, ಚೆರ್ಮಾಕ್ ಅವರ ಬರಹಗಳ ಮೂಲಕ ಮೆಂಡೆಲ್ ಹೆಸರು ಹೊರಬಂದಾಗ, ಆ ಬದಲಿ ಮೇಷ್ಟ್ರ ಪಾಠ ಕೇಳಿದ್ದ ಹುಡುಗರು ನಡುವಯಸ್ಸು ತಲುಪಿದ್ದರು. 1910ರಲ್ಲಿ ಬ್ರುನೋದಲ್ಲಿ ಅಮೃತಶಿಲೆಯ ಪ್ರತಿಮೆ ನಿಂತಿತು. ಗಾಜಿನ ಮನೆಯ ತಳಪಾಯ ಮಠದ ಅಂಗಳದಲ್ಲಿ ಇಂದಿಗೂ ಇದೆ.